ಹಗ್ಗ ಹಿಡಿಯುವ ಕೆಲಸ

ನಮ್ಮ ಸಂಘಕ್ಕೆ ಹತ್ತು ವರ್ಷ ತುಂಬಿತೆಂದು ಪುಸ್ತಿಕೆ ತರುತ್ತಾರಂತೆ. ಸಂಘದ ಚರಿತ್ರೆ, ಧ್ಯೇಯ ಎರಡನ್ನೂ ಬರೆದುಕೊಡು ಅಜ್ಮತುಲ್ಲಾ ಎಂದು ನನ್ನ ತಲೆಗೆ ಕಟ್ಟಿದ್ದಾರೆ. ಲೇತ್ ತಿರುಗಿಸುವವನ ಕೈಗೆ ಪೆನ್ನು ಕೊಟ್ಟರೆ ಇಷ್ಟೇ. ಕುಣಿಗಲ್ ಕೆರೆಯಲ್ಲಿ ನಡೆದದ್ದನ್ನು ಬರೆಯುತ್ತೇನೆ, ಬೇಡವಾದರೆ ಹರಿದುಹಾಕಲಿ.

‘ತುಮಕೂರು ನೌಕಾ ತಂತ್ರಜ್ಞರ ಸಂಘ’ ಎಂಬ ಬೋರ್ಡು ನನ್ನ ಅಂಗಡಿಯ ಮೇಲೆ ಏರಿದ್ದು ಎಪ್ಪತ್ತನಾಲ್ಕರಲ್ಲಿ. ಸಮುದ್ರ ಎಲ್ಲಿ, ತುಮಕೂರು ಎಲ್ಲಿ ಎಂದು ಊರೆಲ್ಲ ನಕ್ಕಿತು. ಸಂಘ ಕಟ್ಟಿದ ವೆಂಕಟರಂಗಯ್ಯನವರು ಗುಬ್ಬಿಯವರು, ಹಡಗಿನ ಎಂಜಿನ್ ರೂಮಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು. ಅವರ ಅಣ್ಣ ಓಬಳಯ್ಯ ಹಳ್ಳಿಯ ಕೆರೆ ನೀರು ಬಿಡುವ ನೀರಗಂಟಿ. ಕಟ್ಟಿಕೊಂಡ ತೂಬನ್ನು ಬಿಡಿಸಲು ಉಸಿರು ಬಿಗಿಹಿಡಿದು ಕೆರೆಯಲ್ಲಿ ಮುಳುಗಿದವರು ಮೇಲೆ ಬರಲೇ ಇಲ್ಲ. ಇನ್ನು ನಮ್ಮ ಸೀಮೆಯಲ್ಲಿ ಯಾರೂ ಬರಿ ಉಸಿರನ್ನು ನಂಬಿ ತೂಬಿಗೆ ಇಳಿಯಬಾರದು ಎಂಬುದೇ ಸಂಘದ ಧ್ಯೇಯ.

ಮುಳುಗುವವನು ಗೂಳೂರಿನ ಕರಿಸಿದ್ದಪ್ಪ, ನೌಕಾಪಡೆಯಲ್ಲಿ ಆ ಕೆಲಸ ಕಲಿತವನು. ಅವನ ತಲೆಗೆ ಮುಖವೂ ಮುಚ್ಚುವ ಹಿತ್ತಾಳೆ ಟೋಪಿ, ಅದಕ್ಕೆ ಗಾಳಿ ಒತ್ತುವ ಪಂಪು, ಎರಡೂ ನನ್ನ ಕೈಕೆಲಸ. ನನಗೆ ಮಾತ್ರ ಈಜು ಬರುವುದಿಲ್ಲ. ಮೊಣಕಾಲುದ್ದ ನೀರು ಕಂಡರೂ ಹಿಂದೆ ಸರಿಯುತ್ತೇನೆ. ಸಂಘದಲ್ಲಿ ನನ್ನ ಹೆಸರೇ ಪುಕ್ಕಲ ಸಾಬ್ರು.

ಮೂರು ವರ್ಷ ಅಭ್ಯಾಸ ಮಾಡಿದ್ದೆಲ್ಲ ಕರಿಸಿದ್ದಪ್ಪನ ತೋಟದ ಬಾವಿಯಲ್ಲಿ. ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಮೇಲೆ ಒಬ್ಬರು ಹಿಡಿಯುತ್ತಿದ್ದರು. ಅವನು ಮೂರು ಸಲ ಜಗ್ಗಿದರೆ ಮೇಲೆತ್ತಬೇಕು. ಹಗ್ಗ ಸುಮ್ಮನಿದ್ದರೆ ಎಲ್ಲ ಸರಿಯಿದೆ ಎಂದರ್ಥ. ಹಿಡಿದವನು ನಿಂತ ಜಾಗ ಬಿಟ್ಟು ಕದಲಬಾರದು. ಬಾವಿಯಲ್ಲಿ ಇದು ಒಮ್ಮೆಯೂ ಕೈಕೊಡಲಿಲ್ಲ.

ಎಪ್ಪತ್ತೇಳರ ಅಕ್ಟೋಬರಿನಲ್ಲಿ ಮಳೆ ಹೊಡೆದು ಕುಣಿಗಲ್ ಕೆರೆ ತುಂಬಿತು. ತೂಬಿನ ಬಾಯಿಗೆ ಮರದ ದಿಮ್ಮಿ ಸಿಕ್ಕಿಕೊಂಡು ನೀರು ಹೊರಗೆ ಹೋಗುತ್ತಿರಲಿಲ್ಲ. ಏರಿಯ ಕೆಳಗಿನ ಮನೆಯವರು ಆಗಲೇ ಪಾತ್ರೆಪಡಗ ಗಾಡಿಗೆ ಹೇರುತ್ತಿದ್ದರು. ಕರಿಸಿದ್ದಪ್ಪ ಕೆಳಗೆ ಹೋಗಿ ದಿಮ್ಮಿಗೆ ಸರಪಳಿ ಬಿಗಿದರೆ ಮೇಲಿಂದ ಎಳೆಯಬಹುದಿತ್ತು. ಯಾವಾಗಲೂ ಹಗ್ಗ ಹಿಡಿಯುವವನಿಗೆ ಅಂದು ಜ್ವರ. ಹಗ್ಗ ನನ್ನ ಕೈಗೆ ಬಂತು.

ಸಂಘದ ಅಣ್ಣಯ್ಯಪ್ಪ ಪಂಪು ಒತ್ತುತ್ತಿದ್ದ. ಕರಿಸಿದ್ದಪ್ಪ ಕಲ್ಲಿನ ಮೆಟ್ಟಿಲು ಇಳಿದಿಳಿದು ಕೆಂಪು ನೀರಿನಲ್ಲಿ ಮರೆಯಾದ. ಐದು ನಿಮಿಷವಾಯಿತು. ಹಗ್ಗ ಸುಮ್ಮನಿತ್ತು. ಹತ್ತಾಯಿತು.

“ಪಂಪು ಯಾಕೋ ಬಿಗೀತೈತೆ,” ಎಂದ ಅಣ್ಣಯ್ಯಪ್ಪ.

“ಆಳ ಜಾಸ್ತಿ, ಬಿಗಿದೇ ಬಿಗೀತದೆ. ಒತ್ತು ನೀನು,” ಎಂದರು ವೆಂಕಟರಂಗಯ್ಯನವರು.

“ಎತ್ತಿಬಿಡಾಣ ಸಾರ್,” ಎಂದೆ.

“ಜಗ್ಗಿದ್ನಾ?”

“ಇಲ್ಲ.”

“ಮತ್ತೆ? ಕೈಗೆ ಸರಪಳಿ ಸುತ್ಕೊಂಡಿರ್ತಾನೆ, ಎಳೆದ್ರೆ ಕೈ ಮುರೀತದೆ. ಸುಮ್ನೆ ನಿಂತ್ಕೊ ಅಜ್ಮತ್.”

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೂ ನನಗೆ ಹೆದರಿಕೆ ತಡೆಯಲಾಗಲಿಲ್ಲ, ಎಳೆದೇಬಿಟ್ಟೆ. ಹಗ್ಗ ಬರಲಿಲ್ಲ. ಕಲ್ಲಿಗೆ ಕಟ್ಟಿಹಾಕಿದ ಹಾಗೆ ಬಿಗಿಯಾಗಿತ್ತು. ಯಾ ಅಲ್ಲಾ ಎಂದುಕೊಂಡು ಜಾಗ ಬಿಟ್ಟು ಪಾಚಿಗಟ್ಟಿದ ಮೆಟ್ಟಿಲು ಇಳಿದೆ. ನೀರು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಬಂತು. ಅಲ್ಲಿಂದ ಪಕ್ಕಕ್ಕೆ ಸರಿದು ಜಗ್ಗಿದಾಗ ಹಗ್ಗ ಒಮ್ಮೆಲೇ ಸಡಿಲಾಯಿತು. ಅದರ ತುದಿಯಲ್ಲಿ ಮನುಷ್ಯನ ಭಾರವಿತ್ತು, ಅಲುಗಾಟವಿರಲಿಲ್ಲ. ನಾನು ಅರಚಿದೆ. ಎಲ್ಲರೂ ಬಂದು ಎಳೆದರು.

ಟೋಪಿ ತೆಗೆದಾಗ ಕರಿಸಿದ್ದಪ್ಪನ ತುಟಿ ನೀಲಿಗಟ್ಟಿತ್ತು. ಬೆನ್ನು ಗುದ್ದಿ ಗುದ್ದಿ ಉಸಿರು ಬರಿಸಿದೆವು. ಬಹಳ ಹೊತ್ತಿನ ಮೇಲೆ ಅವನಿಗೆ ಮಾತು ಬಂತು.

“ಎಷ್ಟ್ ಸಲ ಜಗ್ಗಿದೆ ಕಣೋ. ಗಾಳಿನೇ ಬರ್ಲಿಲ್ಲ.”

“ನನ್ ಕೈಗೆ ಒಂದೂ ಮುಟ್ಲಿಲ್ಲ.”

“ಮತ್ಯಾಕ್ಲಾ ಎಳ್ದೆ?”

“ಹೆದ್ರಿಕೆ ಆಯ್ತು.”

ಹಗ್ಗವೂ ಗಾಳಿಯ ಪೈಪೂ ಮೆಟ್ಟಿಲುಗಳ ಸಂದಿನಲ್ಲಿ ಸಿಕ್ಕಿಕೊಂಡಿದ್ದವು. ವೆಂಕಟರಂಗಯ್ಯನವರು ಏರಿಯ ಮೇಲೆ ಕುಸಿದು ಕುಳಿತರು. “ಬಾವೀಲಿ ಹಗ್ಗ ನೆಟ್ಟಗೆ ಇಳೀತಿತ್ತು,” ಎಂದರು. “ಇಲ್ಲಿ ಮೆಟ್ಲಿದೆ ಅಂತ ನಂಗ್ಯಾಕೆ ಹೊಳೀಲಿಲ್ಲ?” ಅವರು ಅತ್ತದ್ದನ್ನು ನಾನು ಅಂದೇ ನೋಡಿದ್ದು.

ದಿಮ್ಮಿ ಇನ್ನೂ ಅಲ್ಲೇ ಇತ್ತು. ನೀರು ಮತ್ತೊಂದು ಮೆಟ್ಟಿಲು ಏರಿತ್ತು. ಕರಿಸಿದ್ದಪ್ಪ ಎದ್ದು ನಿಂತ. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

“ಹಂಗಾದ್ರೆ ಹಗ್ಗ ನಾನ್ ಹಿಡೀತೀನಿ,” ಎಂದರು ವೆಂಕಟರಂಗಯ್ಯನವರು. “ಅಜ್ಮತ್ ಮೊದ್ಲೇ ಹೆದ್ರಿಬಿಟ್ಟಿದಾನೆ.”

ಕರಿಸಿದ್ದಪ್ಪ ನನ್ನ ಕಡೆ ತಿರುಗಿದ. “ಇನ್ನೂ ಹೆದ್ರಿಕೆ ಐತಾ?”

“ಮೊದ್ಲಿಗಿಂತ ಜಾಸ್ತಿ ಐತೆ,” ಎಂದೆ.

“ಹಂಗಾದ್ರೆ ನೀನೇ ಹಿಡ್ಕೊ,” ಎಂದು ಹಗ್ಗವನ್ನು ನನ್ನ ಕೈಗೆ ಕೊಟ್ಟು, ಟೋಪಿ ಹಾಕಿಕೊಂಡು ನೀರಿಗಿಳಿದ.