ಅಸಲಿ ಅಡಾಪ್ಟರ್

ಪರದೆಯ ಮೇಲೆ ಅಕ್ಷರ ಮೂಡಿತು, ಆಟ ಶುರುವಾಯಿತು, ರಾಗ ಮಾತ್ರ ಹೊರಡಲಿಲ್ಲ. ತಂಗಿ ಸದ್ದಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ನೋಡಿದಳು.

ಆ ಹಳೆಯ ಕಂಪ್ಯೂಟರ್ ಅಣ್ಣನದು. ಮರುದಿನದ ಪ್ರದರ್ಶನಕ್ಕೆಂದು, ಹಳದಿಗಟ್ಟಿದ ಕೀಲಿಗಳನ್ನು ತೊಳೆದುಕೊಡಲು ಅವಳಿಗೆ ಒಪ್ಪಿಸಿದ್ದ. ಆ ಆಟದ ರಾಗ ಅವನು ಹರೆಯದಲ್ಲಿ ತಾನೇ ಕಟ್ಟಿದ್ದು. ಹಿಂದೊಮ್ಮೆ ಒಂದು ಡಿಸ್ಕ್ ಅಳಿಸಿಹೋದದ್ದಕ್ಕೆ ತಮ್ಮನೊಡನೆ ಮಾತು ಬಿಟ್ಟವನು ಇಂದಿಗೂ ಆಡಿಲ್ಲ. ಇನ್ನು ತನ್ನ ಸರದಿಯೇ?

ಹಳೆಯ ಅಡಾಪ್ಟರನ್ನು ಮೀಟರಿಟ್ಟು ಅಳೆಯದೆ ಜೋಡಿಸಬಾರದೆಂಬುದು ಹಳೆಯ ಕಂಪ್ಯೂಟರಿನ ಹುಚ್ಚು ಹಿಡಿದವರೆಲ್ಲ ಬಲ್ಲ ಕಟ್ಟಳೆ. ವಯಸ್ಸಾದ ಅಡಾಪ್ಟರ್ ಕೆಟ್ಟರೆ ಸುಮ್ಮನಾಗುವುದಿಲ್ಲ. ಹೆಚ್ಚು ವೋಲ್ಟೇಜ್ ಉಗುಳಿ ಚಿಪ್ಪನ್ನು ಸುಡುತ್ತದೆ. ಹೊಸ ಅಡಾಪ್ಟರ್ ಮೇಜಿನ ಮೇಲೆಯೇ ಇತ್ತು. ಆದರೆ ಅಸಲಿ ಯಂತ್ರಕ್ಕೆ ಅಸಲಿ ಅಡಾಪ್ಟರೇ ಶೋಭೆ ಎಂದಿದ್ದ ಅಣ್ಣ. ಅದನ್ನೇ ಅವಳು ಅಳೆಯದೆ ಸಿಕ್ಕಿಸಿದ್ದಳು. ಅವನ ಮನೆಯಲ್ಲೂ ಇಂಥದೇ ಕಂಪ್ಯೂಟರ್, ಇಂಥದೇ ಅಡಾಪ್ಟರ್ ಇನ್ನೊಂದು ಜೋಡಿ ಇತ್ತು. ಈಗ ಅಳೆದಳು, ಮೀಟರಿನ ಮುಳ್ಳು ಗೆರೆ ದಾಟಿ ವಾಲಿತು.

ರಾಗ ನುಡಿಸುವ ಆ ಚಿಪ್ಪನ್ನು ಇಂದು ಯಾವ ಕಾರ್ಖಾನೆಯೂ ತಯಾರಿಸುವುದಿಲ್ಲ. ಅಣ್ಣ ಸಂಜೆ ಬರುವವನಿದ್ದ. ಅವಳು ಬಿಡಿಭಾಗ ಮಾರುವವನ ಅಂಗಡಿಗೆ ಓಡಿದಳು. ಬೆನ್ನ ಹಿಂದೆ ಎಲ್ಲರೂ ಅವನನ್ನು ಪೋಸ್ಟ್‌ಮಾರ್ಟಮ್ ಡಾಕ್ಟರ್ ಎನ್ನುತ್ತಿದ್ದರು.

“ಬಿಡಿ ಚಿಪ್ ಇದ್ಯಾ?”

“ಇದೆಯಮ್ಮಾ, ಆದ್ರೆ ನಕಲಿ, ಮೇಲಿನ ಹೆಸರು ಉಜ್ಜಿ ಬೇರೆ ಹೆಸರು ಅಚ್ಚು ಹಾಕಿದ್ದು. ಬೋರ್ಡಲ್ಲಿ ಕೂರುತ್ತೆ, ಬಾಯಿ ಬಿಡಲ್ಲ. ತಾಳಿ.” ಒಳಗಿನಿಂದ ಅಂಥದೇ ಇಡೀ ಕಂಪ್ಯೂಟರನ್ನೇ ತಂದು ಚಾಲೂ ಮಾಡಿದ. ಅದು ಹಾಡಿತು. “ಕೇಳಿದ್ರಾ? ಒಳ್ಳೇ ಗಂಟಲು.” ಸ್ಕ್ರೂಡ್ರೈವರ್ ಎತ್ತಿಕೊಂಡ.

“ಅಯ್ಯೋ, ಓಡ್ತಾ ಇರೋದನ್ನ ಯಾಕೆ ಬಿಚ್ತೀರಿ? ಹಾಗೇ ಕೊಡಿ.”

“ಇಡಿಯಾಗಿ ಮಾರೋದಕ್ಕಿಂತ ತುಂಡು ಮಾಡಿದ್ರೆ ನಾಲ್ಕು ಪಟ್ಟು ಬರುತ್ತೆ. ನೀವು ಕೊಡ್ತೀರಾ ನಾಲ್ಕು ಪಟ್ಟು?”

ಅಷ್ಟು ಅವಳಲ್ಲಿರಲಿಲ್ಲ. ಜೀವಂತವಾದುದಕ್ಕಿಂತ ಸೀಳಿದ್ದಕ್ಕೇ ಹೆಚ್ಚು ಬೆಲೆ ಕಟ್ಟುವ ನಾಚಿಕೆಗೇಡಿನ ವ್ಯಾಪಾರವಿದು. ಸೀಳಿ ಸೀಳಿಯೇ ಇವು ದುರ್ಲಭವಾದವು. ದುರ್ಲಭವಾದಷ್ಟೂ ಸೀಳುವ ಕೈಗಳು ಹೆಚ್ಚಿದವು. ಈ ಪಾಪದಲ್ಲಿ ಮಾರುವವನಿಗೆಷ್ಟೋ ಕೊಳ್ಳುವವನಿಗೂ ಅಷ್ಟೇ ಪಾಲು. ಅದನ್ನು ಬಲ್ಲ ಅವಳ ಕೈಯೇ ಈಗ ಪರ್ಸಿನ ಮೇಲಿತ್ತು.

ಮೊದಲ ತಿರುಪು ಸಡಿಲವಾಯಿತು.

“ಬೇಡ, ಮುಚ್ಚಿಬಿಡಿ.”

“ಯಾಕಮ್ಮಾ, ರಕ್ತ ಕಂಡ್ರೆ ತಲೆ ಸುತ್ತುತ್ತಾ?” ಎಂದು ಅವನು ನಕ್ಕ.

ಸಂಜೆ ಅಣ್ಣ ಬಂದವನೇ ಕಂಪ್ಯೂಟರಿನ ಸ್ವಿಚ್ಚಿಗೆ ಕೈ ಚಾಚಿದ. “ಭೇಷ್ ಪುಟ್ಟೀ, ಕೀಲಿಗಳು ಹಲ್ಲಿನ ಹಾಗೆ ಹೊಳೀತಿವೆಯಲ್ಲೇ! ನಿನ್ನ ಹಲ್ಲಲ್ಲ ಬಿಡು.”

ಅವಳು ಅವನ ಕೈ ಹಿಡಿದಳು. “ಅಣ್ಣಾ, ರಾಗದ ಚಿಪ್ ಸುಟ್ಟುಹೋಗಿದೆ. ನಾನೇ ಸುಟ್ಟೆ. ಅಳೆಯದೆ ಅಡಾಪ್ಟರ್ ಹಾಕಿಬಿಟ್ಟೆ.”

“ಯಾವುದು ಹಾಕಿದೆ?”

“ನಿನ್ನದೇ. ಅಸಲಿ.”

ಬೈಗುಳಕ್ಕೆ ಅವಳು ಕಣ್ಣು ಮುಚ್ಚಿದಳು. ಬೈಗುಳ ಬರಲಿಲ್ಲ. ಕಣ್ಣು ತೆರೆದರೆ ಅಣ್ಣನ ಮುಖ ಬಿಳಿಚಿಕೊಂಡಿತ್ತು. “ಇದರ ಜೋಡಿ ಅಡಾಪ್ಟರನ್ನ ಮನೇಲಿರೋ ಇನ್ನೊಂದು ಕಂಪ್ಯೂಟರಿಗೆ ಹಾಕಿ, ನಾಳೆಗೆ ಪರೀಕ್ಷೆ ಆಗಲಿ ಅಂತ ಓಡೋಕೆ ಬಿಟ್ಟು ಬಂದಿದ್ದೀನಿ ಕಣೇ!” ಎನ್ನುತ್ತ ಹೆಂಡತಿಗೆ ಫೋನು ಹಚ್ಚಿ ಕಿರುಚಿದ: “ಪ್ಲಗ್ ಕೀಳು! ಬೇಗ!”

ಫೋನಿನಲ್ಲಿ ಅತ್ತಿಗೆಯ ದನಿಯ ಹಿಂದೆ ಆ ರಾಗ ಕೇಳುತ್ತಿತ್ತು. “ಯಾವ ಪ್ಲಗ್ಗು ರೀ? ಇಲ್ಲಿ ವೈರುಗಳ ಹಾವಿನ ಹುತ್ತವೇ ಇದೆ.”

ರಾಗ ಅರ್ಧಕ್ಕೆ ನಿಂತಿತು.

“ಕಿತ್ತೆಯಾ?”

“ಇನ್ನೂ ಇಲ್ಲ ರೀ. ತಾನೇ ನಿಂತುಹೋಯ್ತು.”

ಅಣ್ಣ ಕುರ್ಚಿಗೆ ಕುಸಿದ. ತಲೆಯೆತ್ತಿ, “ಆ ಚಿಪ್ ಎಲ್ಲಾದರೂ ಸಿಗುತ್ತಾ ಪುಟ್ಟೀ?” ಎಂದ, ಬೇಡುವವನ ಹಾಗೆ.

ಸಡಿಲಾದ ಆ ತಿರುಪು ಅವಳ ಕಣ್ಣ ಮುಂದೆ ಬಂತು. ಇಲ್ಲವೆಂದು ಸುಳ್ಳು ಹೇಳಿಬಿಟ್ಟರೆ ಎಷ್ಟು ಸುಲಭ!

“ಸಿಗುತ್ತೆ ಅಣ್ಣಾ. ಚೆನ್ನಾಗಿ ಓಡ್ತಿರೋ ಒಂದನ್ನ ಸೀಳಬೇಕು. ಎಲ್ಲಿ ಅಂತ ನಾನು ಹೇಳಲ್ಲ.”

ಅಣ್ಣ ಅವಳನ್ನೇ ನೋಡಿದ. ಗೋಡೆಗೆ ಒರಗಿ, ತಮ್ಮನೊಡನೆ ಬಿಟ್ಟ ಹಾಗೆ ತನ್ನೊಡನೆಯೂ ಮಾತು ಬಿಡುತ್ತಾನೋ ಎಂದು ಅವನ ತುಟಿಯನ್ನೇ ನೋಡುತ್ತ ಅವಳು ಕಾದಳು.