‘ಉಳಿದದ್ದು’ ಎಂಬ ಚೀಟಿ

ಅವಳು ಬರಿಗೈಯಲ್ಲಿ ಗೆರೆ ಎಳೆದರೆ ಸ್ಕೇಲಿಗೇ ನಾಚಿಕೆಯಾಗಬೇಕು, ಅಂಥ ಕೈ. ಅದಕ್ಕೇ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಕಾರ್ಖಾನೆ ಎಂದರೆ ಭಾರಿ ದೊಡ್ಡದೇನಲ್ಲ. ಕೆಳಗೆ ಚರ್ಮ ಕತ್ತರಿಸುವ ಮೇಜುಗಳು, ಮೇಲೆ ಯಜಮಾನರ ಗಾಜಿನ ಕೋಣೆ, ನಡುವೆ ಸದಾ ಕಿರುಗುಟ್ಟುವ ಕಬ್ಬಿಣದ ಮೆಟ್ಟಿಲು, ಎಲ್ಲೆಲ್ಲೂ ಅಂಟಿನ ವಾಸನೆ. ಎರಡು ಪಾದ ಒಂದೇ ಸಮ ಇಲ್ಲದವರಿಗೆ ಅಲ್ಲಿ ಬೂಟು ತಯಾರಾಗುತ್ತಿತ್ತು. ಒಬ್ಬರ ಎಡಗಾಲು ಗಿಡ್ಡ, ಇನ್ನೊಬ್ಬರ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ, ಮತ್ತೊಬ್ಬರ ಹಿಮ್ಮಡಿ ನೆಲವನ್ನೇ ಮುಟ್ಟುವುದಿಲ್ಲ. ಅಂಥ ಪಾದಗಳ ಅಳತೆ ತೆಗೆದು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದು ಗೆರೆಯಕ್ಕನ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು.

ಪಕ್ಕದ ಕುರ್ಚಿಯಲ್ಲಿ ಗಿಣಿ, ಅವಳ ಓರಗಿತ್ತಿ. ಮದುವೆಯಾಗಿ ಬಂದ ವಾರದೊಳಗೇ ಮನೆ ತುಂಬ ಮಾತು ತುಂಬಿಸಿದ್ದಕ್ಕೆ ಅತ್ತೆ ಇಟ್ಟ ಹೆಸರು ಅದು. ಇದ್ದ ಕೆಲಸ ಹೋಗಿ ಅವಳು ಮನೆಯಲ್ಲಿ ಕೂತು ಸೊರಗುತ್ತಿದ್ದಾಗ ಗೆರೆಯಕ್ಕನೇ ಮೇಸ್ತ್ರಿಗೆ ದುಂಬಾಲು ಬಿದ್ದು ಇಲ್ಲಿಗೆ ಸೇರಿಸಿದ್ದಳು. ಪಾದದ ಸುತ್ತ ಟೇಪು ಹೇಗೆ ಹಿಡಿಯಬೇಕು ಎಂಬಲ್ಲಿಂದ ಶುರುಮಾಡಿ ಎಲ್ಲ ಕಲಿಸಿದ್ದಳು. ಈಗ ಮೂರು ವರ್ಷವಾಯಿತು. ಒಂದೇ ಮನೆ, ಒಂದೇ ಬಸ್ಸು, ಒಂದೇ ಊಟದ ಡಬ್ಬಿ. ಅಕ್ಕತಂಗಿಯರೂ ಹೀಗಿರುವುದಿಲ್ಲ ಎಂದು ಕಂಡವರೆಲ್ಲ ಹೇಳುತ್ತಿದ್ದರು. ಗೆರೆಯಕ್ಕ ಅದನ್ನು ನಂಬಿದ್ದಳು, ಅದೇ ಅವಳು ಮಾಡಿದ ತಪ್ಪು.

ಗಿಣಿ ಉಪಕಾರ ತೀರಿಸಲಿಲ್ಲ ಎನ್ನುವ ಹಾಗೂ ಇಲ್ಲ. ಕಂಪ್ಯೂಟರ್ ಎಂದರೆ ಅವಳಿಗೆ ಅಂಗೈ ನೆಲ್ಲಿಕಾಯಿ. ಮುಗಿಯದ ನಕ್ಷೆಗಳನ್ನು ಹುಡುಕುವುದರಲ್ಲೇ ಗೆರೆಯಕ್ಕನ ಬೆಳಗು ಕಳೆಯುವುದನ್ನು ನೋಡಿ ಅವಳೊಂದು ದಾರಿ ಮಾಡಿಕೊಟ್ಟಳು. ಯಾವ ಕೆಲಸ ಬಾಕಿಯಿದೆಯೋ ಆ ಫೈಲಿಗೆ ‘ಉಳಿದದ್ದು’ ಎಂಬ ಟ್ಯಾಗ್ ಹಾಕಬೇಕು, ಡಬ್ಬಿಗೆ ಚೀಟಿ ಅಂಟಿಸುವ ಹಾಗೆ. ಬೆಳಿಗ್ಗೆ ಒಂದು ಗುಂಡಿ ಒತ್ತಿದರೆ ನಾಲ್ಕು ಸಾಲಿನ ಪುಟ್ಟ ಸ್ಕ್ರಿಪ್ಟು ಓಡಿ, ಆ ಚೀಟಿ ಇರುವ ಫೈಲುಗಳನ್ನೆಲ್ಲ ಹುಡುಕಿ ಒಂದೊಂದಾಗಿ ತೆರೆದಿಡುತ್ತದೆ. ಎಲ್ಲಿ ಹುಡುಕಬೇಕು ಎನ್ನುವುದು ಮೊದಲ ಸಾಲಿನಲ್ಲಿತ್ತು. ಅಲ್ಲಿ ಗಿಣಿ ಗೆರೆಯಕ್ಕನ ಫೋಲ್ಡರಿನ ಹೆಸರು ಬರೆದು, ಬೇಕಾದರೆ ಬದಲಾಯಿಸಬಹುದು ಎಂದೂ ತೋರಿಸಿಕೊಟ್ಟಿದ್ದಳು. ಮೊದಲ ದಿನ ಕಿಟಕಿಗಳು ಟಪಟಪ ತೆರೆದುಕೊಂಡಾಗ ಗೆರೆಯಕ್ಕ ಮಗುವಿನ ಹಾಗೆ ನಕ್ಕಿದ್ದಳು.

ತಿಂಗಳ ಕೊನೆಗೆ ಮೇಸ್ತ್ರಿ ನಿವೃತ್ತನಾಗುವವನಿದ್ದ. ನಕ್ಷೆಯ ವಿಭಾಗವೆಲ್ಲ ಅವನ ಕೈಯಲ್ಲಿತ್ತು. ಅವನ ಕುರ್ಚಿ ಗೆರೆಯಕ್ಕನಿಗೇ ಎಂಬುದು ಬಾಗಿಲು ಕಾಯುವವನಿಗೂ ಗೊತ್ತಿದ್ದ ಸಂಗತಿ. ಆದರೆ ಯಜಮಾನರು ಯಾಕೋ ಬಾಯಿ ಬಿಡುತ್ತಿರಲಿಲ್ಲ. ಹೋದ ವಾರ ಸುಮ್ಮನೆ ಎಂಬಂತೆ ಬಂದು, ಸ್ಕೇಲಿನ ಮೇಲಿನ ಸಣ್ಣ ಅಂಕಿಯೊಂದನ್ನು ತೋರಿಸಿ ಇದೆಷ್ಟು ಎಂದು ಕೇಳಿದ್ದರು. ಮಾರನೆಯ ದಿನ ಅವಳ ಮೇಜಿಗೆ ದೊಡ್ಡ ಪರದೆ ಬಂತು. ತನ್ನ ಮೇಲೆ ಎಷ್ಟು ಕಾಳಜಿ ಎಂದು ಗೆರೆಯಕ್ಕನಿಗೆ ಕಣ್ಣು ತುಂಬಿ ಬಂದಿತ್ತು.

ಆ ದಿನ ಬೆಳಿಗ್ಗೆ ಗುಂಡಿ ಒತ್ತಿದಾಗ ಒಂದು ನಕ್ಷೆ ಕಡಿಮೆ ಬಿತ್ತು. ಮನೆಮನೆಗೆ ಅಂಚೆ ಹಂಚುವ ಹೆಂಗಸೊಬ್ಬಳ ಎಡಗಾಲಿನದು. ಬಲಗಾಲು ಬಂದಿದೆ, ಎಡಗಾಲು ನಾಪತ್ತೆ. ಇದು ಮೇಸ್ತ್ರಿಯ ಕೆಲಸವೇ ಸರಿ. ನೋಡಲೆಂದು ಫೈಲನ್ನು ತನ್ನ ಕಡೆಗೆ ಎಳೆದುಕೊಂಡು ಎಲ್ಲೋ ಬಿಟ್ಟಿರುತ್ತಾನೆ. ಎಲ್ಲರ ಫೈಲುಗಳೂ ಇರುವುದು ಒಂದೇ ಡಿಸ್ಕಿನಲ್ಲಿ. ಗಿಣಿ ಟೀ ತರಲು ಹೋಗಿದ್ದಳು. ಅವಳು ಬರುವ ತನಕ ಕಾಯುವುದೇಕೆ ಎಂದು ಗೆರೆಯಕ್ಕ ತಾನೇ ಧೈರ್ಯ ಮಾಡಿ ಮೊದಲ ಸಾಲಿನಲ್ಲಿ ತನ್ನ ಫೋಲ್ಡರಿನ ಹೆಸರು ಅಳಿಸಿ ಇಡೀ ಡಿಸ್ಕಿನ ಹೆಸರು ಬರೆದಳು. ಎದೆ ಸ್ವಲ್ಪ ಉಬ್ಬಿತು. ಗಿಣಿ ಬಂದ ಕೂಡಲೇ ತೋರಿಸಬೇಕು ಎಂದುಕೊಂಡು ಗುಂಡಿ ಒತ್ತಿದಳು.

ಎಡಗಾಲು ಸಿಕ್ಕಿತು. ಅದರ ಬೆನ್ನಿಗೇ ಒಂದು ಪತ್ರವೂ ತೆರೆದುಕೊಂಡಿತು.

ಯಜಮಾನರಿಗೆ ಬರೆದ ಪತ್ರ, ತಾರೀಖು ಹನ್ನೆರಡು ದಿನದ ಹಿಂದಿನದು. ‘ಬಹಳ ನೋವಿನಿಂದ ಬರೆಯುತ್ತಿದ್ದೇನೆ. ಅಕ್ಕನ ಕಣ್ಣು ಮೊದಲಿನಂತಿಲ್ಲ. ಎರಡು ತಿಂಗಳಿಂದ ಅವರ ಗೆರೆಗಳನ್ನು ನಾನೇ ತಿದ್ದುತ್ತಿದ್ದೇನೆ. ಅವರ ಒಳ್ಳೆಯದಕ್ಕಾಗಿಯೇ ಹೇಳುತ್ತಿದ್ದೇನೆ, ಮೇಸ್ತ್ರಿಯವರ ಜಾಗದ ಭಾರ ಅವರ ಮೇಲೆ ಬೇಡ. ಈ ವಿಷಯ ನಮ್ಮಿಬ್ಬರಲ್ಲೇ ಇರಲಿ.’ ಕೆಳಗೆ ಗಿಣಿಯ ನಿಜವಾದ ಹೆಸರು. ಅದರ ಕೆಳಗೆ, ಅಳಿಸಲು ಮರೆತ ಇನ್ನೊಂದು ಸಾಲು: ‘ಅಳತೆ ತೆಗೆದವರು: ಗೆರೆಯಕ್ಕ.’

ಆ ಸಾಲು ನೋಡಿದ ಮೇಲೆ ಪತ್ರ ಹೇಗೆ ತೆರೆದುಕೊಂಡಿತು ಎಂಬುದು ಹೊಳೆಯಿತು. ಈ ಕಾರ್ಖಾನೆಯಲ್ಲಿ ಯಾರೂ ಹೊಸ ಫೈಲು ಶುರುಮಾಡುವವರಲ್ಲ. ಹಳೆಯದೊಂದನ್ನು ನಕಲು ಮಾಡಿ, ಒಳಗಿರುವುದನ್ನು ಅಳಿಸಿ, ಅದರಲ್ಲೇ ಬರೆಯುವುದು. ತಲೆಬರಹ, ವಿಳಾಸ ಎಲ್ಲ ಮತ್ತೆ ಕೂರಿಸುವ ತಾಪತ್ರಯ ಯಾರಿಗೆ ಬೇಕು ಎಂದು ಮೇಸ್ತ್ರಿ ಹಾಕಿಕೊಟ್ಟ ರೂಢಿ ಅದು. ಗಿಣಿ ನಕಲು ಮಾಡಿದ್ದು ಗೆರೆಯಕ್ಕನ ಬಾಕಿಯಿದ್ದ ಅಳತೆಪಟ್ಟಿಯ ಫೈಲನ್ನು. ಅಕ್ಷರ ಅಳಿಸಿದಳು, ಹೆಸರು ಬದಲಾಯಿಸಿದಳು, ಆದರೆ ಫೈಲಿಗೆ ಅಂಟಿದ್ದ ಚೀಟಿ ಅಂಟಿಕೊಂಡೇ ಇತ್ತು. ಚೀಟಿ ಹಾಕುವುದನ್ನು ಕಲಿಸಿದವಳಿಗೇ ಅದು ನೆನಪಾಗಲಿಲ್ಲ.

ಕಣ್ಣಿನ ವಿಷಯ ಸುಳ್ಳೇನಲ್ಲ. ಎರಡು ತಿಂಗಳ ಹಿಂದೆ ಬಲಗಣ್ಣು ಮಂಜಾಗಿತ್ತು. ಮನೆಯಲ್ಲಿ ಹೇಳಿದರೆ ರಾದ್ಧಾಂತವಾಗುತ್ತದೆ ಎಂದು ಗಿಣಿಯೊಬ್ಬಳಿಗೇ ಹೇಳಿ, ಅವಳ ಜೊತೆಗೇ ಡಾಕ್ಟರ ಬಳಿ ಹೋಗಿದ್ದಳು. ಹದಿನೈದು ದಿನ ಔಷಧದ ಹನಿ ಹಾಕಿದ್ದೂ ಗಿಣಿಯೇ. ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ, ಉರಿಯುತ್ತಾ ಅಕ್ಕ ಎಂದು ಕೇಳಿ, ಮೆಲ್ಲಗೆ ಊದುತ್ತಿದ್ದಳು. ಕಣ್ಣು ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರು ಹೇಳಿದಾಗ ಎದುರಿಗೆ ನಿಂತು ಕೇಳಿಸಿಕೊಂಡವಳೂ ಅವಳೇ. ಬೇರೆ ಯಾರೇ ಬರೆದಿದ್ದರೂ ಗೆರೆಯಕ್ಕ ಬೈದು ಸುಮ್ಮನಾಗುತ್ತಿದ್ದಳು. ಆದರೆ ಇದನ್ನು ಬರೆದದ್ದು ಹನಿ ಹಾಕಿದ ಕೈ.

ಗಿಣಿ ಮೂರು ಲೋಟ ಟೀ ಹಿಡಿದು ಬಂದಳು. ಹಿಂದೆಯೇ ಮೇಸ್ತ್ರಿ, ಎಡಗಾಲು ಸಿಕ್ಕಿತೇ ಎಂದು ಕೇಳುತ್ತಾ ಬಂದ. ಗೆರೆಯಕ್ಕ ತನ್ನ ಕುರ್ಚಿಯಿಂದ ಎದ್ದು ಗಿಣಿಗೆ ಜಾಗ ಬಿಟ್ಟಳು.

“ಬಾಮ್ಮ, ಇಲ್ಲಿ ಕೂತ್ಕೋ. ಇದೇನೋ ಬರೆದಿದೆ, ನಂಗೆ ಕಣ್ಣು ಕಾಣಲ್ವಲ್ಲ. ಸ್ವಲ್ಪ ಗಟ್ಟಿಯಾಗಿ ಓದು.”

ಗಿಣಿ ನಗುನಗುತ್ತಲೇ ಕೂತಳು. ಪರದೆ ನೋಡಿದವಳ ಮುಖ ಹುಳ್ಳಗಾಯಿತು. ಒಂದು ಸಾಲು ಓದಿದಳು, ನೋವಿನಿಂದ ಎಂಬಲ್ಲಿಗೆ ದನಿ ನಿಂತುಹೋಯಿತು.

“ಮುಂದೆ ಓದು” ಎಂದಳು ಗೆರೆಯಕ್ಕ.

ಉಳಿದದ್ದನ್ನು ಮೇಸ್ತ್ರಿಯೇ ಬಗ್ಗಿ ಓದಿಕೊಂಡ. ಅವನು ಜಾಸ್ತಿ ಮಾತಾಡುವವನಲ್ಲ. ಎರಡು ತಿಂಗಳ ನಕ್ಷೆಗಳನ್ನೆಲ್ಲ ತೆಗೆದು, ಯಾವ ಫೈಲನ್ನು ಕೊನೆಗೆ ಸೇವ್ ಮಾಡಿದವರು ಯಾರು ಎಂಬ ಪಟ್ಟಿ ಹಿಡಿದು ಮೆಟ್ಟಿಲು ಹತ್ತಿದ. ಗೆರೆಯಕ್ಕನ ಒಂದೇ ಒಂದು ನಕ್ಷೆಯಲ್ಲೂ ಗಿಣಿಯ ಕೈ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಯಜಮಾನರು ಕೆಳಗಿಳಿದು ಬಂದು, ಯಾರ ಮುಖವನ್ನೂ ನೋಡದೆ, ಒಂದನೇ ತಾರೀಖಿನಿಂದ ಮೇಸ್ತ್ರಿಯ ಜಾಗಕ್ಕೆ ಗೆರೆಯಕ್ಕ ಎಂದು ಹೇಳಿ ಹೋದರು. ಚರ್ಮ ಕತ್ತರಿಸುವವರು ಚಪ್ಪಾಳೆ ತಟ್ಟಿದರು. ಅವಳಿಗೆ ಕುರ್ಚಿ ಸಿಕ್ಕಿತ್ತು, ಸಂತೋಷ ಮಾತ್ರ ಎಲ್ಲೂ ಸಿಗಲಿಲ್ಲ.

ಸಂಜೆ ಇಬ್ಬರೂ ಅದೇ ನಿಲ್ದಾಣದಲ್ಲಿ ನಿಂತರು. ಇನ್ನೆಲ್ಲಿ ನಿಲ್ಲುತ್ತಾರೆ, ಹೋಗಬೇಕಾದ ಮನೆ ಒಂದೇ. ಬಸ್ಸು ತಡವಾಗಿತ್ತು.

“ನೀವಿರೋ ತನಕ ನಂದು ಪಕ್ಕದ ಕುರ್ಚಿನೇ ಅಕ್ಕ” ಎಂದಳು ಗಿಣಿ, ರಸ್ತೆಯ ಕಡೆಗೇ ನೋಡುತ್ತಾ. “ಮನೆಯಲ್ಲೂ ಅಷ್ಟೇ, ಇಲ್ಲೂ ಅಷ್ಟೇ.”

“ಕೇಳಿದ್ರೆ ನಾನೇ ಬಿಟ್ಟುಕೊಡ್ತಿದ್ನೇನೋ” ಎಂದಳು ಗೆರೆಯಕ್ಕ. ಹೇಳಿದ ಮೇಲೆ, ಅದು ನಿಜವೆಂದು ಅವಳಿಗೇ ಗೊತ್ತಾಯಿತು. ಹಾಗೆ ಗೊತ್ತಾದದ್ದಕ್ಕೇ ಇನ್ನೂ ಸಂಕಟವಾಯಿತು.

ಗಿಣಿ ಮೆಲ್ಲಗೆ ಕೇಳಿದಳು, “ಆ ಪತ್ರ ಅಳಿಸಿಬಿಟ್ರಾ ಅಕ್ಕ?”

ಹೊರಡುವ ಮುಂಚೆ ಗೆರೆಯಕ್ಕ ಅಂಚೆಯವಳ ಎರಡೂ ಪಾದಗಳ ನಕ್ಷೆ ಮುಗಿಸಿ ಅವುಗಳ ಚೀಟಿ ತೆಗೆದಿದ್ದಳು. ಮುಗಿದ ಬೇರೆ ಏಳು ಫೈಲುಗಳದ್ದನ್ನೂ ತೆಗೆದಿದ್ದಳು. ಪತ್ರದ ಮೇಲೆ ಬಂದು ಅವಳ ಕೈ ನಿಂತಿತ್ತು.

“ಇಲ್ಲ” ಎಂದಳು. “ಅದಕ್ಕೆ ಚೀಟಿ ಹಾಗೇ ಇದೆ. ನಾಳೆ ಬೆಳಿಗ್ಗೆ ಮತ್ತೆ ತೆರ್ಕೊಳ್ಳುತ್ತೆ.”

ಬಸ್ಸು ಬಂತು. ಗೆರೆಯಕ್ಕ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತು, ಇಬ್ಬರ ಊಟದ ಡಬ್ಬಿಯನ್ನು ಪಕ್ಕದ ಜಾಗದಲ್ಲಿ ಇಟ್ಟುಕೊಂಡಳು.