ಎರಡನೇ ಸ್ಲಾಟು

ಮೇಲಿನ ದವಡೆಯ ಹಲ್ಲೊಂದರ ಅಂಚನ್ನು ತಿದ್ದಿ ಮುಗಿಸುವ ಹೊತ್ತಿಗೆ ಸುಮನಾಳ ಮುಂದಿದ್ದ ಪರದೆ ನೀಲಿಯಾಯಿತು. ಬಿಳಿ ಅಕ್ಷರಗಳು ಒಂದಿಷ್ಟು ಹೊತ್ತು ನಿಂತವು. ಆಮೇಲೆ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಆಫ್ ಆಗಿ ಮತ್ತೆ ಆನ್ ಆಯಿತು. ಬೆಳಗಿನಿಂದ ಇದು ನಾಲ್ಕನೇ ಸಲ. ಮುಕ್ಕಾಲು ಗಂಟೆಯ ಕೆಲಸ ಹೋಗಿತ್ತು.

ಆರು ವರ್ಷ ಅವಳು ಗುಬ್ಬಿಯಿಂದ ತುಮಕೂರಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಒಂದು ಡೆಂಟಲ್ ಲ್ಯಾಬಿನಲ್ಲಿ ದುಡಿದಿದ್ದಳು. ಡಾಕ್ಟರುಗಳು ಕಳಿಸುವ ಬಾಯಿಯ ಸ್ಕ್ಯಾನ್ ನೋಡಿ ಕಂಪ್ಯೂಟರಿನಲ್ಲಿ ಹಲ್ಲಿನ ಕ್ಯಾಪ್ ರೂಪಿಸುವ ಕೆಲಸ. ಬೆನ್ನುಮೂಳೆಯ ತೊಂದರೆ ಶುರುವಾದ ಮೇಲೆ ದಿನಾ ಬಸ್ ಹತ್ತುವುದು ಬೇಡವೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಲ್ಯಾಬಿನ ಮೇಲ್ವಿಚಾರಕಿ ಸುಧಾ, "ಮನೇಲೇ ಒಳ್ಳೆ ಸಿಸ್ಟಮ್ ಇಟ್ಕೊಂಡು ಮಾಡಿ, ಎರಡು ವಾರ ನೋಡೋಣ" ಎಂದಿದ್ದರು. ಅದರಲ್ಲಿ ಒಂಬತ್ತು ದಿನ ಮುಗಿದಿತ್ತು.

ರೆಡಿ ಸಿಸ್ಟಮ್ ತೆಗೆದುಕೊಳ್ಳೋಣವೆಂದು ಗಂಡ ಉದಯಕುಮಾರ್ ಹೇಳಿದ್ದ. ಸುಮನಾ ಕೇಳಿರಲಿಲ್ಲ. ತುಮಕೂರಿನ ಗಂಗಾಧರ್ ಅವರ ಅಂಗಡಿಯಿಂದ ಒಂದೊಂದೇ ಸಾಮಾನು ಆರಿಸಿ ತಂದು, ವಿಡಿಯೋ ನೋಡಿಕೊಂಡು, ಎರಡು ಭಾನುವಾರ ಕೂತು ತನ್ನ ಕೈಯಾರೆ ಜೋಡಿಸಿದ್ದಳು. ಹಾಗಾಗಿ ಈಗ ಅದು ಕೈಕೊಟ್ಟರೆ ಬೈಯಲು ಬೇರೆ ಯಾರೂ ಇರಲಿಲ್ಲ.

"ಮತ್ತೆ ಹೋಯ್ತಾ?" ಸ್ಕೂಲಿನಿಂದ ಬಂದ ಉದಯಕುಮಾರ್ ಬಾಗಿಲಲ್ಲೇ ಕೇಳಿದ. ಅವನು ಹೈಸ್ಕೂಲು ಮೇಷ್ಟ್ರು.

"ಸುಮ್ನೆ ಇರ್ರೀ ಸ್ವಲ್ಪ. ನೋಡ್ತಾ ಇದೀನಿ."

ಗುರುವಾರ ಸಂಜೆ ಐದರೊಳಗೆ ಒಂದು ಪೂರ್ತಿ ದವಡೆಯ ಡಿಸೈನ್ ಹೋಗಬೇಕಿತ್ತು. ಹುಲಿಯೂರುದುರ್ಗದ ಶಕುಂತಲಮ್ಮ ಎಂಬ ಅಜ್ಜಿಯದು. ಮಗಳ ಮನೆಯ ಗೃಹಪ್ರವೇಶಕ್ಕೆ ಮೊದಲು ಬಾಯಿ ತುಂಬ ಹಲ್ಲು ಬೇಕೆಂದು ಅಜ್ಜಿ ಹಟ ಹಿಡಿದಿದ್ದಾರೆಂದು ಸುಧಾ ನಗುತ್ತಾ ಹೇಳಿದ್ದರು. ಇವತ್ತು ಮಂಗಳವಾರ.

ಬುಧವಾರ ಬೆಳಿಗ್ಗೆ ಸುಮನಾ ಮೆಮೊರಿ ಪರೀಕ್ಷೆ ಮಾಡುವ ಪ್ರೋಗ್ರಾಮ್ ಓಡಿಸಿದಳು. ಹತ್ತೇ ನಿಮಿಷದಲ್ಲಿ ಪರದೆಯ ಮೇಲೆ ತಪ್ಪು ತೋರಿಸುವ ಕೆಂಪು ಸಾಲುಗಳು ಸುರಿದವು. ಕ್ಯಾಬಿನೆಟ್ ತೆಗೆದು, ಮೆಮೊರಿ ಕೂರಿಸುವ ಎರಡು ಸ್ಲಾಟುಗಳಲ್ಲಿ ಎರಡನೆಯದರಲ್ಲಿದ್ದ ರ‍್ಯಾಮ್ ಪಟ್ಟಿಯನ್ನು ಕಿತ್ತಿಟ್ಟು ಒಂದರಲ್ಲೇ ನಡೆಸಿ ನೋಡಿದಳು. ಒಂದೂ ಕೆಂಪು ಸಾಲಿಲ್ಲ. ಅಂದರೆ ಕಿತ್ತಿಟ್ಟದ್ದೇ ಕೆಟ್ಟದ್ದು! ಅರ್ಧ ಜೀವ ಬಂದಂತಾಯಿತು. ಒಂದೇ ಪಟ್ಟಿಯಲ್ಲಿ ಕೆಲಸ ಮುಗಿಸೋಣವೆಂದರೆ ಅಜ್ಜಿಯ ದವಡೆಯ ಸ್ಕ್ಯಾನ್ ಅಷ್ಟು ಕಡಿಮೆ ಮೆಮೊರಿಯಲ್ಲಿ ತೆರೆಯಲೇ ಇಲ್ಲ. ಬೆನ್ನಿಗೆ ಬೆಲ್ಟ್ ಬಿಗಿದುಕೊಂಡು ಅವಳು ತುಮಕೂರಿನ ಬಸ್ ಹತ್ತಿದಳು.

ಗಂಗಾಧರ್ ಐವತ್ತು ದಾಟಿದ, ಮೆಲ್ಲಗೆ ಮಾತಾಡುವ ಮನುಷ್ಯ. ಪಟ್ಟಿಯನ್ನು ತಮ್ಮ ಟೆಸ್ಟಿಂಗ್ ಸಿಸ್ಟಮ್ಮಿಗೆ ಹಾಕಿ ಅರ್ಧ ಗಂಟೆ ಓಡಿಸಿದರು. "ಇಲ್ಲಿ ಏನೂ ತೋರಿಸ್ತಿಲ್ವಲ್ಲ ಮೇಡಂ. ನನ್ಗೇನೋ ಇದು ಸರಿಯಾಗೇ ಐತೆ ಅನ್ಸುತ್ತೆ."

ಬಸ್ಸಿನ ಕುಲುಕಾಟಕ್ಕೆ ಸುಮನಾಳ ಸೊಂಟ ಸಿಡಿಯುತ್ತಿತ್ತು. ತಲೆಯಲ್ಲಿ ಗುರುವಾರದ ಐದು ಗಂಟೆ ಕೂತಿತ್ತು. "ಹಾಗಾದ್ರೆ ನಾನು ಸುಳ್ಳು ಹೇಳೋಕೆ ಗುಬ್ಬಿಯಿಂದ ಬಂದ್ನಾ? ಹೆಂಗಸು, ಇವಳಿಗೇನು ಗೊತ್ತಾಗುತ್ತೆ ಅಂತ ಹಳೇ ಮಾಲು ತಲೆಗೆ ಕಟ್ಟಿದೀರ!" ಎಂದು ಕೂಗಿಬಿಟ್ಟಳು. ಅಂಗಡಿಯಲ್ಲಿದ್ದ ಐದಾರು ಗಿರಾಕಿಗಳು ತಿರುಗಿ ನೋಡಿದರು. ಒಬ್ಬ ಕೈಗೆ ತೆಗೆದುಕೊಂಡಿದ್ದ ಕೀಬೋರ್ಡನ್ನು ವಾಪಸ್ ಇಟ್ಟು ಹೊರಟೇಹೋದ.

ಗಂಗಾಧರ್ ಹೊಸ ಪ್ಯಾಕೆಟ್ ಒಡೆದು ಇನ್ನೊಂದು ಪಟ್ಟಿ ಕೊಟ್ಟು, ಅವಳು ತಂದದ್ದನ್ನು ತಾವಿಟ್ಟುಕೊಂಡರು.

ಮನೆಗೆ ಬಂದು ಅದನ್ನು ಹಾಕಿದಳು. ಏಳು ನಿಮಿಷಕ್ಕೆ ಕೆಂಪು ಸಾಲುಗಳು.

ಹೊಸದನ್ನು ತೆಗೆದು, ಮೊದಲಿನಿಂದ ಸರಿಯಾಗಿದ್ದ ಪಟ್ಟಿಯನ್ನೇ ಎರಡನೇ ಸ್ಲಾಟಿಗೆ ಹಾಕಿ ನೋಡಿದಳು. ಆಗಲೂ ಕೆಂಪು. ಹೊಸದನ್ನು ಮೊದಲ ಸ್ಲಾಟಿಗೆ ಹಾಕಿದಳು. ಎಲ್ಲ ಸರಿ. ಮೂರು ಪಟ್ಟಿಗಳಲ್ಲಿ ಯಾವುದಕ್ಕೂ ರೋಗವಿರಲಿಲ್ಲ. ರೋಗವಿದ್ದದ್ದು ಆ ಸ್ಲಾಟಿನ ಕಡೆ.

"ಅಂದ್ರೆ ಮದರ್‌ಬೋರ್ಡೇ ಹೋಗಿದೆಯಾ?" ಎಂದ ಉದಯಕುಮಾರ್.

"ಗೊತ್ತಿಲ್ಲ ಕಣ್ರೀ." ಸುಮನಾ ಪಟ್ಟಿಗಳನ್ನು ಮೇಜಿನ ಮೇಲಿಟ್ಟಳು. "ಅವರನ್ನ ಎಲ್ಲರೆದುರಿಗೆ ಕಳ್ಳ ಅಂದ್ಬಿಟ್ಟೆ."

"ಫೋನ್ ಮಾಡಿ ಕೇಳು."

"ಯಾವ ಮುಖ ಇಟ್ಕೊಂಡು ಕೇಳ್ಲಿ?"

ಗುರುವಾರ ಬೆಳಿಗ್ಗೆ ಎಂಟೂವರೆಗೆ, ಅಂಗಡಿ ತೆಗೆಯುವ ಮುಂಚೆಯೇ, ಕೊನೆಗೂ ಫೋನ್ ಮಾಡಿದಳು. ಆಗಿದ್ದನ್ನೆಲ್ಲ ಹೇಳಿದಳು. ಈಗ ಗಂಗಾಧರ್ ಫೋನ್ ಇಡುತ್ತಾರೆ ಎಂದುಕೊಂಡಳು.

"ಪ್ರೊಸೆಸರ್ ಮೇಲೆ ಕೂಲರ್ ಕೂರಿಸಿದ್ರಲ್ಲ ಮೇಡಂ, ಅದರ ಸ್ಕ್ರೂ ಹೆಂಗೆ ಟೈಟ್ ಮಾಡಿದ್ರಿ?"

ಸುಮನಾಳಿಗೆ ಆ ಭಾನುವಾರ ನೆನಪಾಯಿತು. ಪ್ರೊಸೆಸರನ್ನು ತಣ್ಣಗಿಡುವ ಆ ಕೂಲರ್ ಸಡಿಲವಾಗಿ ಕಳಚಿ ಬಿದ್ದರೆ ಎಂಬ ಭಯಕ್ಕೆ ಒಂದು ಸ್ಕ್ರೂವನ್ನು ಪೂರ್ತಿ ಬಿಗಿದು, ಆಮೇಲೆ ಪಕ್ಕದ್ದನ್ನು ಹಿಡಿದಿದ್ದಳು. ಸ್ಕ್ರೂಡ್ರೈವರ್ ತಿರುಗದೆ ಅಂಗೈ ಕೆಂಪಾಗುವವರೆಗೆ. "ಇದ್ದ ಬಲವೆಲ್ಲ ಹಾಕಿ ಟೈಟ್ ಮಾಡಿದೀನಿ" ಎಂದಳು ಸಣ್ಣಗೆ.

"ಅದೇ ಇರ್ಬೋದು. ಒಂದೇ ಕಡೆ ಒತ್ತಡ ಜಾಸ್ತಿ ಆದ್ರೆ ಪ್ರೊಸೆಸರ್ ಓರೆಯಾಗಿ ಕೂರುತ್ತೆ, ಇನ್ನೊಂದು ಕಡೆ ಪಿನ್ನು ಸರಿಯಾಗಿ ತಾಕಲ್ಲ, ಆಗ ಒಂದು ಸ್ಲಾಟಿನ ಮೆಮೊರಿ ಹಿಂಗೇ ತಪ್ಪು ತೋರಿಸುತ್ತೆ. ಪೂರ್ತಿ ಬಿಚ್ಚಿ, ಕೂಲರ್ ಅಡಿಯ ಹಳೇ ಪೇಸ್ಟ್ ಒರೆಸಿ ಹೊಸದು ಹಾಕಿ. ಎದುರುಬದುರು ಸ್ಕ್ರೂ ಸ್ವಲ್ಪಸ್ವಲ್ಪವೇ ತಿರುಗಿಸ್ತಾ ಬನ್ನಿ, ಎರಡೇ ಬೆರಳಲ್ಲಿ. ನಿಂತ ತಕ್ಷಣ ಬಿಟ್ಬುಡಿ."

ಸುಮನಾ ಕೂಲರ್ ಬಿಚ್ಚಿದಳು. ಪ್ರೊಸೆಸರ್ ಎತ್ತಿ, ಕೆಳಗಿನ ಕೂದಲೆಳೆಯಂಥ ಪಿನ್ನುಗಳನ್ನು ಟಾರ್ಚ್ ಹಾಕಿ ಸಾಲುಸಾಲಾಗಿ ನೋಡಿದಳು. ಒಂದೂ ಬಾಗಿರಲಿಲ್ಲ. ಟ್ಯೂಬಿನಲ್ಲಿ ಉಳಿದಿದ್ದ ಪೇಸ್ಟ್ ಕಡಲೆಕಾಳಿನಷ್ಟು ಬಂತು. ಕೂಲರ್ ಇಟ್ಟು ಎರಡೇ ಬೆರಳಲ್ಲಿ ತಿರುಗಿಸಿದಳು. ಇನ್ನೂ ಸ್ವಲ್ಪ ಬಿಗಿಯೋಣವೆಂದು ಕೈ ತವಕಿಸಿತು. ಸ್ಕ್ರೂಡ್ರೈವರನ್ನು ಎತ್ತಿ ಅಡುಗೆಮನೆಯಲ್ಲಿಟ್ಟು ಬಂದಳು.

ಪರೀಕ್ಷೆ ಶುರುವಾದಾಗ ಹತ್ತು ಗಂಟೆ. ಏಳು ನಿಮಿಷ ಕಳೆಯಿತು. ಹತ್ತು ನಿಮಿಷ ಕಳೆಯಿತು. ಸುಮನಾ ಅನ್ನಕ್ಕಿಟ್ಟು ಬಂದು ನೋಡಿದಳು, ಬಟ್ಟೆ ಒಣಹಾಕಿ ಬಂದು ನೋಡಿದಳು. ನಡುವೆ ಸುಧಾ ಫೋನ್ ಮಾಡಿ, "ಇವತ್ತು ಬರುತ್ತಲ್ವಾ? ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಬೇರೆಯವ್ರಿಗೆ ಕೊಡ್ತೀನಿ" ಎಂದರು.

"ಬರುತ್ತೆ" ಎಂದಳು ಸುಮನಾ. ಹಾಗೆ ಹೇಳುವಾಗ ಪರದೆಯ ಕಡೆ ನೋಡುವ ಧೈರ್ಯವಾಗಲಿಲ್ಲ.

ಹನ್ನೆರಡೂಕಾಲಿಗೆ ಮೊದಲ ಸುತ್ತು ಮುಗಿಯಿತು. ಸೊನ್ನೆ ತಪ್ಪು. ಇನ್ನೊಂದು ಸುತ್ತಿಗೆ ಕಾಯುವಷ್ಟು ಸಮಯವಿರಲಿಲ್ಲ. ದವಡೆಯ ಸ್ಕ್ಯಾನ್ ತೆರೆದಳು, ತೆರೆಯಿತು. ಒಂದೊಂದು ಹಲ್ಲಿಗೂ ಒಂದೊಂದು ಸಲ ಸೇವ್ ಮಾಡುತ್ತಾ, ಫ್ಯಾನಿನ ಸದ್ದು ಚೂರು ಬದಲಾದರೂ ಕೈ ನಿಲ್ಲಿಸಿ ಆಲಿಸುತ್ತಾ ಕೆಲಸ ಮಾಡಿದಳು. ಐದಕ್ಕೆ ಎಂಟು ನಿಮಿಷ ಇರುವಾಗ ಫೈಲ್ ಹೋಯಿತು. ಊಟ ಮಾಡಿಲ್ಲವೆಂಬುದು ಆಗ ನೆನಪಾಯಿತು.

ಶನಿವಾರ ಅವಳು ಮತ್ತೆ ತುಮಕೂರಿಗೆ ಹೋದಳು. ಗಂಗಾಧರ್ ಅಂಗಡಿಯಲ್ಲಿ ಒಬ್ಬರೇ ಇದ್ದರು. ಹೊಸ ಪಟ್ಟಿಯನ್ನು ಗಾಜಿನ ಕೌಂಟರ್ ಮೇಲಿಟ್ಟು, "ತಪ್ಪು ನನ್ನದೇ ಆಗಿತ್ತು. ಅವತ್ತು ಹಾಗೆಲ್ಲ ಮಾತಾಡ್ಬಾರ್ದಾಗಿತ್ತು. ನನ್ನ ಹಳೇದನ್ನೇ ಕೊಟ್ಬಿಡಿ" ಎಂದಳು.

"ಅದು ಅಲ್ಲಿದೆ ನೋಡಿ." ಅವರು ತಮ್ಮ ಬಿಲ್ ಹಾಕುವ ಕಂಪ್ಯೂಟರಿನ ಕಡೆ ಕೈ ತೋರಿಸಿದರು. "ಬಳಸಿದ್ದನ್ನ ಹೊಸದು ಅಂತ ಮಾರೋದು ಬೇಡ ಅಂತ ನಾನೇ ಹಾಕ್ಕೊಂಡೆ. ಹೊಸದನ್ನ ನೀವೇ ಇಟ್ಕೊಳ್ಳಿ ಮೇಡಂ."

ಅವಳ ಮಾತು ಕೇಳಿ ಅವತ್ತು ತಿರುಗಿ ನೋಡಿದ್ದ ಗಿರಾಕಿಗಳಲ್ಲಿ ಒಬ್ಬರೂ ಈಗ ಅಲ್ಲಿರಲಿಲ್ಲ. ಯಾರಾದರೂ ಬಂದರೆ ಅವರೆದುರಿಗೆ ಇನ್ನೊಮ್ಮೆ ಹೇಳೋಣವೆಂದು ಸುಮನಾ ತುಸು ಹೊತ್ತು ನಿಂತಳು. ಯಾರೂ ಬರಲಿಲ್ಲ. ಗಂಗಾಧರ್ ಸ್ಟೂಲ್ ಎಳೆದು, "ಕೂತ್ಕೊಳ್ಳಿ, ಬೆನ್ನುನೋವು ಅಂತಿದ್ರಲ್ಲ" ಎಂದು ಹೇಳಿ ಎರಡು ಕಾಫಿಗೆ ಫೋನ್ ಮಾಡಿದರು.